ಕುಡುಕರ ಇಂಜೆಕ್ಷನ್ನು

ಮಧುಗಿರಿಯ ನಮ್ಮ ನರ್ಸಿಂಗ್ ಹೋಮಿನಲ್ಲಿ ರೋಗಿ ಒಳಗೆ ಬಂದ ಕೂಡಲೇ ಆಗುವ ಮೊದಲ ಕೆಲಸ ಡಾಕ್ಟರು ನೋಡುವುದಲ್ಲ, ಗ್ಲೂಕೋಸ್ ಬಾಟಲಿ ನೇತುಹಾಕುವುದು. ಇದು ಯಾರೂ ಬರೆದಿಟ್ಟ ನಿಯಮವಲ್ಲ. ಬಾಟಲಿ ಏರಿದರೆ ಜೊತೆಗೆ ಬಂದವರ ಮುಖಕ್ಕೆ ಜೀವ ಬರುತ್ತದೆ. ಟ್ರೀಟ್‌ಮೆಂಟ್ ಶುರುವಾಯಿತು ಎಂದು ಊರಿಗೆ ಫೋನ್ ಮಾಡುತ್ತಾರೆ, ಹೊರಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಬಾಟಲಿ ಏರದಿದ್ದರೆ ನಾನು ಎಷ್ಟು ಹೊತ್ತು ಪರೀಕ್ಷೆ ಮಾಡಿದರೂ “ಏನೂ ಮಾಡ್ಲಿಲ್ಲ, ಸುಮ್ನೆ ಮುಟ್ಟಿ ಮುಟ್ಟಿ ನೋಡುದ್ರು” ಎನ್ನುತ್ತಾರೆ. ನಾನು ಇಲ್ಲಿಗೆ ಫಿಜಿಷಿಯನ್ ಆಗಿ ಬಂದಾಗಿನಿಂದ ಆ ಬಾಟಲಿಯ ಜೊತೆ ಜಗಳವಾಡುತ್ತಲೇ ಇದ್ದೇನೆ. ಸಾಮಾನ್ಯವಾಗಿ ಬಾಟಲಿಯೇ ಗೆಲ್ಲುತ್ತದೆ.

ಆ ಬೆಳಿಗ್ಗೆ ಶಿರಾದಿಂದ ಬಂದ ಹೆಂಗಸನ್ನು ಆಕೆಯ ಗಂಡ ಮತ್ತು ಅಕ್ಕ ಎರಡೂ ಕಡೆ ರಟ್ಟೆ ಹಿಡಿದು ನಡೆಸಿಕೊಂಡು ಬಂದರು. ವಯಸ್ಸು ನಲವತ್ತರ ಆಸುಪಾಸು. ಮೈಮೇಲಿದ್ದ ಬುರ್ಖಾ ಇನ್ನೊಬ್ಬರಿಗೂ ಜಾಗವಾಗುವಷ್ಟು ದೊಡ್ಡದಿತ್ತು. ಗಂಡನಿಗೆ ಶಿರಾ ಪೇಟೆಯಲ್ಲಿ ತಗಡಿನ ಟ್ರಂಕು ಮಾಡಿ ಮಾರುವ ಅಂಗಡಿ. ಆಕೆಗೆ ಮನೆಯಲ್ಲೇ ಆರಿ ವರ್ಕಿನ ಕೆಲಸ. ಮದುವೆ ಹೆಣ್ಣುಗಳ ರವಿಕೆ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆಯಂಥ ಸೂಜಿಯಿಂದ ಜರಿ, ಮಣಿ, ಕುಂದಣ ಕೂರಿಸುವುದು. ಅಕ್ಕನನ್ನು ಮಧುಗಿರಿಗೆ ಕೊಟ್ಟಿದ್ದರಿಂದ, ಶಿರಾದಲ್ಲಿ ಯಾರಿಗೂ ಗೊತ್ತಾಗದ ಕಾಯಿಲೆ ಇಲ್ಲಿ ಗೊತ್ತಾಗಲಿ ಎಂದು ಆ ಅಕ್ಕನೇ ಹಟ ಹಿಡಿದು ಕರೆಸಿಕೊಂಡಿದ್ದಳು.

“ಕಾಲು ಜುಮ್ ಅಂತೈತೆ ಮೇಡಂ, ಆಮೇಲೆ ಉರಿ,” ಎಂದ ಗಂಡ. “ನೆಲದ ಮೇಲೆ ಕಾಲಿಟ್ರೆ ಹತ್ತಿ ಮೇಲೆ ಇಟ್ಟಂಗೈತಂತೆ. ಕೈಯೂ ಜೋಮು ಹಿಡ್ದೈತೆ. ಬಚ್ಚಲಿಗೆ ಹೋದ್ರೆ ಬೀಳ್ತಾಳೆ, ಹೊಸಲು ದಾಟಿದ್ರೆ ಬೀಳ್ತಾಳೆ. ಮೂಳೆ ಡಾಕ್ಟ್ರು ಡಿಸ್ಕ್ ಅಂದ್ರು. ಸ್ಕ್ಯಾನಿಂಗ್ ಐತೆ ನೋಡಿ.”

ಫಿಲಂ ಬೆಳಕಿಗೆ ಹಿಡಿದು ನೋಡಿದೆ. ಆ ವಯಸ್ಸಿನ ಯಾರ ಬೆನ್ನಿನ ಫಿಲಂ ತೆಗೆದರೂ ಡಿಸ್ಕು ಒಂದಿಷ್ಟು ಉಬ್ಬಿಯೇ ಇರುತ್ತದೆ, ನನ್ನದೂ ಇರಬಹುದು. ಉಬ್ಬಿದ ಡಿಸ್ಕಿನಿಂದ ಎರಡೂ ಕಾಲು, ಎರಡೂ ಕೈ ಒಂದೇ ಸಮನೆ ಮರಗಟ್ಟುವುದಿಲ್ಲ. ಫಿಲಂ ಪಕ್ಕಕ್ಕಿಟ್ಟು ಪರೀಕ್ಷೆ ಶುರು ಮಾಡಿದೆ. ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದರೆ ಕಾಲು ಜಿಗಿಯಲಿಲ್ಲ, ಹಿಮ್ಮಡಿಯ ಹಿಂದೆ ತಟ್ಟಿದರೂ ಅಲುಗಲಿಲ್ಲ. ಆಮೇಲೆ ಹೊಸ ಗುಂಡುಪಿನ್ನು ತೆಗೆದುಕೊಂಡೆ. ಇದು ಹಳೆಯ ಕಾಲದ ಪರೀಕ್ಷೆ, ಆದರೆ ಇದರಷ್ಟು ನಿಜ ಹೇಳುವ ಯಂತ್ರ ನಮ್ಮಲ್ಲಿಲ್ಲ. ರೋಗಿ ಕಣ್ಣು ಮುಚ್ಚಬೇಕು. ನಾನು ಒಮ್ಮೆ ಪಿನ್ನಿನ ಮೊನೆ, ಒಮ್ಮೆ ಅದರ ಗುಂಡುತಲೆ ತಾಗಿಸುತ್ತೇನೆ. ಚೂಪೋ ಮೊಂಡೋ ಅಂತ ಅವರು ಹೇಳಬೇಕು. ಪಾದದಿಂದ ಶುರು ಮಾಡಿ ಮಂಡಿಯವರೆಗೂ ಬಂದೆ, ಆಕೆ ಬಾಯೇ ಬಿಡಲಿಲ್ಲ. ತೊಡೆಯ ಹತ್ತಿರ ಬಂದಾಗ “ಚೂಪು” ಎಂದಳು.

ಕೈ ನೋಡಲು ಬೆರಳು ಹಿಡಿದೆ. ಎಡಗೈಯ ಬೆರಳ ತುದಿಗಳ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಚೌಕಟ್ಟಿನ ಅಡಿಯಲ್ಲಿ ದಾರ ಹಿಡಿಯುವ ಕೈ ಅದು. ಮೇಲಿನಿಂದ ಇಳಿಯುವ ಸೂಜಿ ಬೆರಳಿಗೆ ಚುಚ್ಚಿದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

“ಬಟ್ಟೆ ಮೇಲೆ ಕೆಂಪು ಕಂಡಾಗ್ಲೇ ಗೊತ್ತಾಗೋದು ಮೇಡಂ,” ಎಂದಳು. “ಒಂದು ಹಾಲುಬಿಳಿ ರವಿಕೆ ಹಾಳಾಗೋಯ್ತು. ಹುಡುಗಿ ಅತ್ತುಬಿಟ್ಟಳು.”

ನನ್ನ ಬೆರಳನ್ನು ಆಕೆಯ ಮುಖದ ಮುಂದೆ ಆಡಿಸಿ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಲು ಹೇಳಿದೆ. ಕಣ್ಣುಗುಡ್ಡೆ ಪಕ್ಕಕ್ಕೆ ಪೂರ್ತಿ ಹೋಗಲೇ ಇಲ್ಲ, ನಡುದಾರಿಯಲ್ಲಿ ನಿಂತು ಪಟಪಟ ಅದುರಿತು.

“ಎಷ್ಟು ಬೆರಳಮ್ಮ?”

“ಎರಡು. ನೀವೂ ಇಬ್ರಿದೀರಿ.”

ಹೊಟ್ಟೆ ನೋಡಲು ಬಟ್ಟೆ ಸರಿಸಿದೆ. ಸಡಿಲಬಿದ್ದ ಚರ್ಮದ ಮೇಲೆ ಅಲ್ಲಲ್ಲಿ ಬೆರಳಗಲದ ಐದು ಗಾಯದ ಗುರುತುಗಳು.

“ಇದೇನ್ರಿ?”

“ಅದು ಹಳೇದು ಮೇಡಂ,” ಎಂದ ಗಂಡ. “ದಪ್ಪ ಕಮ್ಮಿ ಮಾಡೋ ಆಪ್ರೇಷನ್ನು. ಬೆಂಗ್ಳೂರಲ್ಲಿ ಮಾಡ್ಸಿದ್ದು. ಅದು ಫಸ್ಟ್ ಕ್ಲಾಸ್ ಆಗೈತೆ. ಅದ್ರದ್ದೇನಿಲ್ಲ, ನೀವು ಕಾಲು ನೋಡಿ.”

“ಹಳೇದು ಅಂದ್ರೆ ಎಷ್ಟು ಹಳೇದು?”

“ಮೂರು ತಿಂಗ್ಳಾಯ್ತಲ್ಲ.”

ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೇ ಗೊತ್ತು. ಆದರೂ ತಡೆದುಕೊಂಡು ಕೇಳಿದೆ. ಆಪರೇಷನ್ನಿನಲ್ಲಿ ಜಠರದ ಬಹುಪಾಲು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಕೊಳವೆ ಉಳಿಸಿದ್ದರು. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ವಾಂತಿ ಹತ್ತಿಕೊಂಡಿತು. ಅಕ್ಕಿ ಗಂಜಿಯ ತಿಳಿ, ಸಾಬೂದಾನಿ ಪಾಯಸ ಬಿಟ್ಟರೆ ಏನೂ ನಿಲ್ಲುತ್ತಿರಲಿಲ್ಲ, ಅದೂ ಕೆಲವೊಮ್ಮೆ ಹೊರಗೆ.

“ವಾಂತಿಗೆ ಏನ್ ಮಾಡಿದ್ರಿ?”

“ನಮ್ ಬೀದೀಲೇ ಕ್ಲಿನಿಕ್ ಐತಲ್ಲ. ಸುಸ್ತು ಅಂದಾಗೆಲ್ಲ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ತಿದ್ವಿ. ಹಾಕಿಸ್ದಾಗ ಸ್ವಲ್ಪ ಗೆಲುವಾಗೋಳು.”

“ಬೆಂಗಳೂರೋರು ವಿಟಮಿನ್ ಮಾತ್ರೆ ಕೊಟ್ಟಿರ್ತಾರಲ್ಲ, ಅದೆಲ್ಲಿ?”

“ಅವು ಶಕ್ತಿ ಮಾತ್ರೆ ಅಲ್ವಾ ಮೇಡಂ. ನುಂಗಿದ್ರೆ ವಾಂತಿ ಬರೋದು. ಹೆಂಗೂ ಬಾಟ್ಲೀಲಿ ಶಕ್ತಿ ಹೋಗ್ತೈತಲ್ಲ ಅಂತ ಬುಟ್ಟ್ವಿ.”

ಇಡೀ ಕಾಯಿಲೆ ಆ ಒಂದು ಮಾತಿನಲ್ಲಿತ್ತು. ಬಿ ಒನ್ ಎಂಬ ವಿಟಮಿನ್, ಅಂದರೆ ಥಯಾಮಿನ್, ನಮ್ಮ ಮೈಯಲ್ಲಿ ಕೆಲವು ವಾರಕ್ಕಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ತಿಂದದ್ದು ನಿಲ್ಲದಿದ್ದರೆ ಅದು ಖಾಲಿಯಾಗುತ್ತದೆ. ಸಕ್ಕರೆಯನ್ನು ಶಕ್ತಿಯಾಗಿ ಉರಿಸಲು ಬೇಕಾದದ್ದೂ ಅದೇ ಬಿ ಒನ್. ಅದೇ ಇಲ್ಲದ ಮೈಗೆ ಬಾಟಲಿಗಟ್ಟಲೆ ಗ್ಲೂಕೋಸ್ ಇಳಿಸಿದರೆ, ಉಳಿದ ಒಂದೆರಡು ಬೆಂಕಿಕಡ್ಡಿಯನ್ನೂ ಗೀರಿ ಮುಗಿಸಿ ಒಲೆಗೆ ಸೌದೆ ತುಂಬುತ್ತಾ ಹೋದಂತೆ. ಮೊದಲು ನರ ಹೋಗುತ್ತದೆ, ಆಮೇಲೆ ಕಣ್ಣಿನ ಚಲನೆ, ಆಮೇಲೆ ನೆನಪು. ನೆನಪು ಪೂರ್ತಿ ಹೋದರೆ ವಾಪಸ್ ಬರುವುದು ಕಷ್ಟ.

ತುಮಕೂರಿನ ನರರೋಗ ತಜ್ಞರಿಗೆ ಫೋನ್ ಮಾಡಲು ಹೊರಗೆ ಹೋದೆ. ಅವರು ಎಲ್ಲ ಕೇಳಿ, “ರಿಫ್ಲೆಕ್ಸ್ ಇಲ್ಲ ಅಂದ್ರೆ ಜಿಬಿಎಸ್ ಇರಬಹುದಲ್ವಾ? ಇಲ್ಲಿಗೆ ಕಳಿಸಿ, ನೋಡೋಣ” ಎಂದರು. ಜಿಬಿಎಸ್ ಎಂದರೆ ಸೋಂಕಿನ ನಂತರ ನರಗಳಿಗೆ ಬರುವ ಬೇರೆಯದೇ ಕಾಯಿಲೆ. ಅವರು ಹೇಳಿದ್ದೂ ಇಲ್ಲದ ಮಾತಲ್ಲ. ಯೋಚಿಸುತ್ತಾ ಒಳಗೆ ಬಂದರೆ, ಹಾಸಿಗೆಯ ಪಕ್ಕದ ಕಂಬದಲ್ಲಿ ಗ್ಲೂಕೋಸ್ ಬಾಟಲಿ ನೇತಾಡುತ್ತಿತ್ತು, ಹನಿ ಬೀಳುತ್ತಿತ್ತು.

ಓಡಿ ಹೋಗಿ ಕ್ಲಿಪ್ ಒತ್ತಿದೆ. ನನ್ನ ಕೂಗು ಔಷಧಿ ಅಂಗಡಿಯವರೆಗೂ ಕೇಳಿಸಿತಂತೆ.

ನಮ್ಮ ಹಿರಿಯ ನರ್ಸ್ ಪಾವಗಡದ ಕಡೆಯ ತೆಲುಗು ಬೆರೆಸಿ ಮಾತಾಡುವವರು, ನನಗಿಂತ ಮೊದಲಿನಿಂದ ಇಲ್ಲಿರುವವರು. “ಅಯ್ಯೋ ರಾಮ, ಏಮೈಂದಿ ಮೇಡಂ?” ಎಂದು ಗಾಬರಿಯಾದರು. “ಪೇಷೆಂಟ್ ಬಂದ್ರೆ ಲೈನ್ ಹಾಕಿ ಬಾಟ್ಲು ಹಾಕೋದು ಎಪ್ಪುಡೂ ಮಾಡೋದೇ ಅಲ್ವಾ? ಹಾಕ್ದೇ ಇದ್ರೆ ಇವ್ರು ನಮ್ಮನ್ನ ಆಸ್ಪತ್ರೆ ಅಂತಾರಾ?”

ಅವರನ್ನು ಬೈದು ಪ್ರಯೋಜನವಿರಲಿಲ್ಲ. ಇಳಿದದ್ದು ಸ್ವಲ್ಪವೇ. ಬಾಟಲಿ ಬಿಚ್ಚಿ ತೆಗೆಯಿಸಿದೆ, ರಕ್ತ ತೆಗೆದು ಬಿ ಒನ್ ಪ್ರಮಾಣ ನೋಡಲು ಬೆಂಗಳೂರಿನ ಲ್ಯಾಬಿಗೆ ಕಳಿಸಲು ಹೇಳಿದೆ. ಆ ವರದಿ ಬರುವಷ್ಟರಲ್ಲಿ ವಾರವೇ ಕಳೆದಿರುತ್ತದೆ ಎಂದು ಗೊತ್ತಿತ್ತು. ಕಾಯುವಂತಿರಲಿಲ್ಲ. ತುಮಕೂರಿಗೆ ಹಾಗೇ ಕಳಿಸುವಂತೆಯೂ ಇರಲಿಲ್ಲ, ಯಾಕೆಂದರೆ ಅಲ್ಲಿನ ಎಮರ್ಜೆನ್ಸಿ ವಾರ್ಡಿನಲ್ಲಿ ಗಾಡಿಯಿಂದ ಇಳಿಸಿದ ಕೂಡಲೇ ಯಾರೋ ಇನ್ನೊಂದು ಬಾಟಲಿ ಏರಿಸುತ್ತಾರೆ. ಮೊದಲು ಇಲ್ಲೇ ದೊಡ್ಡ ಪ್ರಮಾಣದಲ್ಲಿ ಬಿ ಒನ್ ಇಂಜೆಕ್ಷನ್ ಕೊಡುವುದು, ಆಮೇಲೆ ಮಿಕ್ಕಿದ್ದು ಎಂದು ತೀರ್ಮಾನ ಮಾಡಿದೆ. ಜಿಬಿಎಸ್ ಆಗಿದ್ದರೂ ಇದರಿಂದ ನಷ್ಟವಿಲ್ಲ. ಬಿ ಒನ್ ಕೊರತೆಯಾಗಿದ್ದು ಕೊಡದೇ ಹೋದರೆ ಆ ನಷ್ಟ ತುಂಬಲಾಗದು.

ಬಾಟಲಿ ತೆಗೆಸಿದ್ದರ ಪರಿಣಾಮ ಮಾತ್ರ ನಾನು ಊಹಿಸಿರಲಿಲ್ಲ. ಅಕ್ಕ ಗೋಡೆಗೆ ಒರಗಿ ಅಳಲು ಶುರುಮಾಡಿದಳು. ಗಂಡ ನನ್ನ ಹಿಂದೆಯೇ ಕಾರಿಡಾರಿಗೆ ಬಂದ.

“ಏನ್ ಮೇಡಂ, ಆಸೆ ಬಿಟ್ಬುಟ್ರಾ? ನಿಜ ಹೇಳಿ.”

“ಯಾರು ಹೇಳಿದ್ದು?”

“ಬಾಟ್ಲಿ ತೆಗುದ್ರಲ್ಲ. ನಮ್ ಅಬ್ಬಾಗೂ ಕೊನೇಗೆ ಇಂಗೇ ತೆಗುದ್ರು.”

ನಾನು ವಿವರಿಸಿದೆ. ಬಿ ಒನ್, ಸಕ್ಕರೆ, ನರ, ಎಲ್ಲ ಹೇಳಿದೆ. ಆತ ತಲೆಯಾಡಿಸಿದ, ಆದರೆ ಕಣ್ಣು ಮಾತ್ರ ಖಾಲಿ ಕಂಬದ ಮೇಲೇ ಇತ್ತು. ಅಷ್ಟರಲ್ಲಿ ಅಕ್ಕ ಶಿರಾಕ್ಕೆ ಫೋನ್ ಮಾಡಿ ಬಾಟಲಿ ತೆಗೆದುಬಿಟ್ಟರು ಎಂದು ಹೇಳಿಯೂ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಗಾಡಿ ತುಂಬ ನೆಂಟರು ಬಂದಿಳಿದರು. ಹೆಂಗಸರು ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತರು, ಕೆಲವರ ತುಟಿ ಆಗಲೇ ದುವಾ ಮಾಡುತ್ತಿತ್ತು. ಎಲ್ಲರ ಕೈಯಲ್ಲೂ ಬ್ರೆಡ್ಡು, ಮೂಸಂಬಿ, ಜೊತೆಗೆ ಗ್ಲೂಕೋಸ್ ಪುಡಿಯ ಡಬ್ಬ. ಅವುಗಳನ್ನು ಒಂದೊಂದಾಗಿ ಇಸಿದುಕೊಂಡು ನನ್ನ ಮೇಜಿನ ಕೆಳಗೆ ಇಡುತ್ತಾ ಹೋದೆ. ಒಬ್ಬ ಅಜ್ಜಿಯಂತೂ ಡಬ್ಬ ಬಿಡಲೇ ಇಲ್ಲ.

ಕೊನೆಗೆ ಬರಿಯ ಸಲೈನ್ ಬಾಟಲಿ ಒಂದನ್ನು ಏರಿಸಿದೆ. ವಾಂತಿಯಿಂದ ಮೈ ಒಣಗಿದ್ದರಿಂದ ಅದು ಬೇಕೂ ಇತ್ತು. ಬಾಟಲಿ ನೇತಾಡಿದ ಕೂಡಲೇ ಕಾರಿಡಾರಿನ ಅಳು ನಿಂತಿತು, ಇಬ್ಬರು ಊಟಕ್ಕೆ ಹೋದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಆಪರೇಷನ್ ಮಾಡಿದ ಆಸ್ಪತ್ರೆಗೂ ಫೋನ್ ಮಾಡಿದೆ. ಸರ್ಜನ್ ಸಿಗಲಿಲ್ಲ, ಸಿಕ್ಕಿದ್ದು ಒಬ್ಬ ಹುಡುಗಿ, ರೋಗಿಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವ ಕೆಲಸದವಳು. “ವಾಂತಿ ಕಾಮನ್ ಮೇಡಂ, ಚಿಕ್ಕ ಚಿಕ್ಕ ತುತ್ತು ತಿನ್ನೋಕೆ ಹೇಳಿ,” ಎಂದಳು. ಕಣ್ಣಿಗೆ ಎರಡೆರಡು ಕಾಣುತ್ತಿದೆ ಎಂದೆ. “ಕಣ್ಣಿನ ಡಾಕ್ಟ್ರಿಗೆ ತೋರ್ಸಿದ್ರಾ?” ಎಂದಳು. ನಡುವೆ ಕಂಪ್ಯೂಟರಿನಲ್ಲಿ ಏನೋ ನೋಡಿ, “ವೆಯ್ಟ್ ಲಾಸ್ ಮಾತ್ರ ತುಂಬಾ ಚೆನ್ನಾಗಿ ಆಗಿದೆ, ಟಾರ್ಗೆಟ್‌ಗಿಂತ ಮುಂದಿದಾರೆ” ಎಂದು ಖುಷಿಪಟ್ಟಳು. ಫೋನ್ ಇಟ್ಟೆ. ಇಡದಿದ್ದರೆ ಆ ಹುಡುಗಿ ಕೇಳಬಾರದ ಮಾತು ಕೇಳಬೇಕಾಗುತ್ತಿತ್ತು.

ಇನ್ನು ಔಷಧಿ. ನಮ್ಮ ಅಂಗಡಿಯಲ್ಲಿ ಬಿ ಒನ್ ಒಂದೇ ಇರುವ ಇಂಜೆಕ್ಷನ್ ಇರಲಿಲ್ಲ. ಇದ್ದದ್ದು ಸುಸ್ತಿಗೆ ಎಂದು ಎಲ್ಲರಿಗೂ ಚುಚ್ಚುವ ಕೆಂಪು ಬಣ್ಣದ ಬಿ ಕಾಂಪ್ಲೆಕ್ಸ್. ಅದರಲ್ಲಿ ಬಿ ಒನ್ ಇರುವುದು ಒಗ್ಗರಣೆಗೆ ಸಾಸಿವೆಯಷ್ಟು. ನನಗೆ ಬೇಕಾದ ಪ್ರಮಾಣ ಅದರಿಂದ ಬರಬೇಕೆಂದರೆ ಜೊತೆಗೆ ಬೇಡದ್ದೂ ರಾಶಿ ಹೋಗುತ್ತದೆ, ಅದರಲ್ಲಿನ ಬಿ ಸಿಕ್ಸ್ ಅತಿಯಾದರೆ ಅದೇ ನರ ಕೆಡಿಸುತ್ತದೆ. ಶಿರಾದ ಅಂಗಡಿಗೆ ಫೋನ್ ಮಾಡಿದರೆ ಅವರೂ ಆ ಕೆಂಪನ್ನೇ ಹೊಗಳಿದರು. ಪಾವಗಡದವನು, “ಲೇದು ಮೇಡಂ, ಸ್ಟಾಕೇ ಲೇದು, ಹಿಂದೂಪುರಕ್ಕೆ ಹೇಳಿದ್ರೆ ನಾಡಿದ್ದು ಬರ್ತದೆ” ಎಂದ. ಕೊರಟಗೆರೆಯವನು ಮಾತ್ರ ನಕ್ಕ.

“ಬರೀ ಬಿ ಒನ್ನಾ ಮೇಡಂ? ಅದನ್ನ ಯಾರ್ ಕೇಳ್ತಾರೆ? ನಾನು ತರ್ಸೋದು ಆ ಕುಡಿತ ಬಿಡಿಸೋ ಸೆಂಟರ್‌ನೋರಿಗೆ ಮಾತ್ರ. ಮೊನ್ನೆ ಬಂದಿದ್ದೆಲ್ಲ ಅವ್ರೇ ತಗಂಡೋದ್ರು.”

ಹೌದಲ್ಲ ಎನಿಸಿತು. ವರ್ಷಗಟ್ಟಲೆ ಕುಡಿದವರಿಗೂ ಇದೇ ಕೊರತೆ, ಇದೇ ಕಣ್ಣು, ಇದೇ ತೂರಾಟ. ಕೊರಟಗೆರೆ ದಾರಿಯಲ್ಲಿದ್ದ ಆ ಕೇಂದ್ರದ ಉಸ್ತುವಾರಿಯವರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಕೇಳಿದಷ್ಟೂ ಕೊಡುತ್ತೇನೆ, ಆಮೇಲೆ ವಾಪಸ್ ತರಿಸಿಕೊಟ್ಟರೆ ಸಾಕು ಎಂದರು. ಗಂಡನ ಕೈಗೆ ಚೀಟಿ ಬರೆದುಕೊಟ್ಟು, ವಿಳಾಸ ಹೇಳಿ, ಬೇಗ ಬನ್ನಿ ಎಂದು ಕಳಿಸಿದೆ. ಅದು ಎಂಥ ಜಾಗ ಎಂದು ಹೇಳಲಿಲ್ಲ. ಹೇಳಿದ್ದರೆ ಹೋಗುತ್ತಿರಲಿಲ್ಲ.

ಆತ ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೊರರೋಗಿಗಳನ್ನು ನೋಡುತ್ತಾ ನಡುನಡುವೆ ವಾರ್ಡಿಗೆ ಹೋಗಿ ಬರುತ್ತಿದ್ದೆ. “ಮೇಡಂ, ಚೌಕಟ್ಟು ಒಳಗಿಟ್ರಾ? ಮಳೆ ಬಂದ್ರೆ ಬಟ್ಟೆ ನೆನೀತೈತೆ,” ಎಂದು ಆಕೆ ಕೇಳಿದಳು. ಇಟ್ಟಿದ್ದಾರೆ ಎಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ ಹೋದಾಗಲೂ ಅದನ್ನೇ, ಅದೇ ಮಾತುಗಳಲ್ಲಿ ಕೇಳಿದಳು. ಮೂರನೇ ಸಲ ಕೇಳಿದಾಗ ನನಗೆ ನಿಜವಾಗಿಯೂ ಭಯವಾಯಿತು. ನೆನಪು ಸಡಿಲವಾಗತೊಡಗಿತ್ತು.

ಗಂಡ ಬಂದಾಗ ಸಂಜೆಯಾಗುತ್ತಿತ್ತು. ಕೈಯಲ್ಲಿ ಇಂಜೆಕ್ಷನ್ನಿನ ಗಾಜಿನ ಆಂಪೂಲುಗಳ ಡಬ್ಬ, ಮುಖ ಕೆಂಡ. ಕಾರಿಡಾರಿನಲ್ಲಿ ಎಲ್ಲ ನೆಂಟರ ಎದುರಿಗೇ ಶುರುಮಾಡಿದ.

“ಎಲ್ಲಿಗೆ ಕಳ್ಸಿದ್ರಿ ಮೇಡಂ ನನ್ನ? ಗೇಟ್ ಹಾಕಿ ಕೂರಿಸ್ಬುಟ್ರು! ಎಷ್ಟು ವರ್ಷದಿಂದ ಕುಡಿತೀಯ ಅಂತಾನೆ ಗೇಟಿನೋನು. ಇಲ್ಲಪ್ಪ, ನನ್ ಹೆಂಡ್ತಿಗೆ ಇಂಜೆಕ್ಷನ್ ಬೇಕು ಅಂದ್ರೆ, ಇಲ್ಲಿ ಬರೋರೆಲ್ಲ ಹೆಂಡ್ತಿ ಹೆಸ್ರೇ ಹೇಳೋದು ಅಂದ. ಮೂತಿ ಮೂಸಿ ನೋಡ್ದ! ದೊಡ್ಡೋರು ಊಟಕ್ಕೆ ಹೋಗಿದ್ರಂತೆ, ಅವ್ರು ಬರೋಗಂಟ ಎಲ್ರ ಜೊತೆ ಕೂರ್ಸಿ ಭಜನೆ ಹೇಳ್ಸಿದ್ರು. ನಮ್ಮ ಹಿಂದಿನ ಬೀದಿಯೋನು ಒಬ್ಬ ಅಲ್ಲವ್ನೆ, ನನ್ನ ನೋಡಿ ಕೈ ಬೀಸ್ದ. ನಾಳೆ ಪೇಟೆಗೆಲ್ಲ ಗೊತ್ತಾಗೋಯ್ತೈತೆ.”

ನಗು ಬಂತು, ನುಂಗಿದೆ. ಡಬ್ಬಕ್ಕೆ ಕೈ ಚಾಚಿದೆ. ಆತ ಕೊಡಲಿಲ್ಲ.

“ಇದು ಕುಡುಕರ ಇಂಜೆಕ್ಷನ್ನು ಮೇಡಂ. ಆ ಸೆಂಟರ್‌ನೋರೇ ಹೇಳುದ್ರು. ನಮ್ಮನೇಲಿ ಇದುವರ್ಗೂ ಯಾರೂ ಆ ಹಾಳನ್ನ ಮುಟ್ಟಿಲ್ಲ. ಅವಳು ಇದನ್ನ ಹಾಕುಸ್ಕಂಡ್ಲು ಅಂದ್ರೆ ಜನ ಏನಂತಾರೆ? ಬೇರೆ ಕೊಡಿ.”

“ಬೇರೆ ಇಲ್ಲ.”

“ತೌಬಾ, ಅದ್ರಲ್ಲಿ ಏನಾದ್ರೂ ಮಿಕ್ಸ್ ಆಗಿರ್ತೈತಾ?” ಎಂದಳು ಅಕ್ಕ. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಇದರಿಂದ ಕುಡಿಯುವ ಚಟ ಹತ್ತುತ್ತದೆಯೇ ಎಂದು ಒಬ್ಬರು, ತುಮಕೂರಿಗೆ ಕರೆದುಕೊಂಡು ಹೋಗೋಣ ಎಂದು ಇನ್ನೊಬ್ಬರು. ಗಂಡ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಎರಡು ತಿಂಗಳು ಬೀದಿ ಕ್ಲಿನಿಕ್ಕಿನಲ್ಲಿ ಏನು, ಯಾಕೆ ಎಂದು ಕೇಳದೆ ಕೈ ಒಡ್ಡಿದವರು, ಬೇಕಾದ ಒಂದೇ ಔಷಧಿಗೆ ಪಂಚಾಯ್ತಿ ಸೇರಿಸಿದ್ದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ಅಕ್ಕಿ ತೌಡಲ್ಲಿ ಇರೋದೂ ಇದೇ ಕಣ್ರಿ!” ಎಂದು ಕೂಗಿದೆ. “ತೌಡು ಎಮ್ಮೆಗೆ ಹಾಕಿ, ಬಿಳೀ ಅಕ್ಕಿ ಗಂಜಿ ತಿಳಿ ಇವರಿಗೆ ಕುಡ್ಸಿದ್ರಿ. ಎಮ್ಮೆ ಗಟ್ಟಿಮುಟ್ಟಾಗಿರುತ್ತೆ, ಇವರು ಎದ್ದು ನಿಲ್ಲಕ್ಕಾಗಲ್ಲ. ಕುಡುಕರ ಹೊಟ್ಟೇಲಿ ತಿಂದಿದ್ದು ಮೈಗೆ ಹತ್ತಲ್ಲ, ಇವರ ಹೊಟ್ಟೇಲೂ ಹತ್ತಲ್ಲ. ಅಷ್ಟೇ ಸಂಬಂಧ. ಬೇಡ ಅಂದ್ರೆ ಕರ್ಕೊಂಡು ಹೋಗಿ, ಆದ್ರೆ ಬರೆದು ಸಹಿ ಹಾಕಿ.”

ಸಹಿ ಎಂದ ಮೇಲೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಆಕೆ ಕರೆದಳು. ಹೋದೆ.

“ಮೇಡಂ, ಬೆರಳು ಬರ್ತೈತಾ?”

ಸುಳ್ಳು ಹೇಳಬಹುದಿತ್ತು. “ಕಣ್ಣು ಬರುತ್ತೆ ಅನ್ಸುತ್ತೆ,” ಎಂದೆ. “ಕಾಲು ನಿಧಾನಕ್ಕೆ. ಬೆರಳು ಹೇಳಕ್ಕಾಗಲ್ಲಮ್ಮ. ಇವತ್ತು ಕೊಡದಿದ್ರೆ ಮಾತ್ರ ಯಾವುದೂ ಬರಲ್ಲ.”

“ಹಂಗಾದ್ರೆ ಕೊಡಿ. ಕುಡುಕಿ ಅಂದ್ರೆ ಅನ್ಲಿ,” ಎಂದಳು. ಆಮೇಲೆ ನನ್ನ ಕಡೆಗೆ, ನನಗಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಾ, “ಇಬ್ರು ಮೇಡಂ ಇದೀರಲ್ಲ, ಯಾರಾದ್ರೂ ಒಬ್ರು ಬೇಗ ಕೊಡಿ” ಎಂದಳು.

ಗಂಡ ಡಬ್ಬ ಕೊಟ್ಟ.

ನೂರು ಎಂ.ಎಲ್. ಸಲೈನಿಗೆ ಆಂಪೂಲುಗಳನ್ನು ಒಡೆದು ಹಾಕಿ, ಅರ್ಧ ಗಂಟೆಯಲ್ಲಿ ನಿಧಾನವಾಗಿ ಇಳಿಯುವಂತೆ ಬಿಟ್ಟೆವು. ಅಪರೂಪಕ್ಕೆ ಒಬ್ಬರಿಗೆ ಅಲರ್ಜಿಯಾಗುತ್ತದೆ, ಅದಕ್ಕೆ ಅಡ್ರಿನಲಿನ್ ತುಂಬಿದ ಸಿರಿಂಜು ಪಕ್ಕದಲ್ಲೇ ಇಟ್ಟುಕೊಂಡು ನಾನು ಸ್ಟೂಲಿನ ಮೇಲೆ ಕೂತೆ. ನರ್ಸ್ ನಾಡಿ ಹಿಡಿದುಕೊಂಡಿದ್ದರು. ಏನೂ ಆಗಲಿಲ್ಲ. ದಿನಕ್ಕೆ ಮೂರು ಸಲ ಹೀಗೆ, ಜೊತೆಗೆ ಮೆಗ್ನೀಸಿಯಂ, ಬಿ ಟ್ವೆಲ್ವ್. ಹಾಸಿಗೆಯ ತಲೆಯ ಹತ್ತಿರ ‘ಗ್ಲೂಕೋಸ್ ಹಾಕಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಆ ಅಜ್ಜಿ ಅದರ ಕೆಳಗೇ ತನ್ನ ಡಬ್ಬ ಇಟ್ಟುಕೊಂಡು ಕೂತಿದ್ದಳು.

ಮರುದಿನ ರೌಂಡ್ಸಿಗೆ ಹೋದಾಗ ಬೆರಳು ಆಡಿಸಿದೆ. ಕಣ್ಣುಗುಡ್ಡೆ ಅದುರುತ್ತಾ ಅದುರುತ್ತಾ ಮೂಲೆಯವರೆಗೂ ಹೋಯಿತು.

“ಇವತ್ತು ಒಬ್ರೇ ಇದೀರಿ ಮೇಡಂ,” ಎಂದಳು.

ತುಮಕೂರಿನ ತಜ್ಞರಿಗೆ ಫೋನ್ ಮಾಡಿ ಹೇಳಿದೆ, ಅವರು “ಹಾಗಾದ್ರೆ ನಿಮ್ಮದೇ ಸರಿ” ಎಂದು ದೊಡ್ಡ ಮನಸ್ಸಿನಿಂದ ಒಪ್ಪಿದರು. ಗಂಡ ಮಾತ್ರ ಗೆಲುವಾಗಿ, ನಿನ್ನೆ ಹಾಕಿದ ಆ ದೊಡ್ಡ ಸಲೈನ್ ಬಾಟಲಿಯಿಂದಲೇ ಹುಷಾರಾದಳು ಎಂದು ನೆಂಟರಿಗೆ ಹೇಳುತ್ತಿದ್ದ. ಕುಡುಕರ ಇಂಜೆಕ್ಷನ್ನಿನ ಹೆಸರು ಎತ್ತಲಿಲ್ಲ. ನಾನು ತಿದ್ದಲು ಹೋದೆ, ನರ್ಸ್ ನನ್ನ ಕೋಟಿನ ತೋಳು ಹಿಡಿದೆಳೆದರು.

ಕಣ್ಣು ಬಂದಷ್ಟು ಸುಲಭವಾಗಿ ಕಾಲು ಬರಲಿಲ್ಲ. ವಾಕರ್ ಹಿಡಿದು ನಿಲ್ಲಿಸಿದರೆ ಪಾದ ಎಲ್ಲಿದೆ ಎಂದು ಕೆಳಗೆ ನೋಡಿಕೊಂಡೇ ಹೆಜ್ಜೆ ಇಡಬೇಕಿತ್ತು. ಹಾಗೆ ನಿಲ್ಲಿಸಿದ್ದ ಒಂದು ಬೆಳಿಗ್ಗೆ ಗಂಡನ ಫೋನಿಗೆ ಬೆಂಗಳೂರಿನಿಂದ ಮೆಸೇಜು ಬಂತು. ಅಭಿನಂದನೆಗಳು, ನಿಮ್ಮ ಯಶಸ್ಸಿನ ಪಯಣದ ಒಂದು ಚಿಕ್ಕ ವಿಡಿಯೋ ಮಾಡಿ ಕಳಿಸಿ, ಇತರರಿಗೂ ಸ್ಫೂರ್ತಿಯಾಗಲಿ ಎಂದಿತ್ತು. ಓದಿ ನನ್ನ ಕಿವಿ ಬಿಸಿಯಾಯಿತು.

“ಕಳ್ಸಿ,” ಎಂದೆ. “ಇದನ್ನೇ ತೆಗ್ದು ಕಳ್ಸಿ.”

ಆತ ನಿಜವಾಗಿಯೂ ತೆಗೆದ. ಬಾಗಿಲಿನಿಂದ ಕಿಟಕಿಯವರೆಗೆ ಆಕೆ ವಾ‌ಕರ್ ನೂಕಿಕೊಂಡು, ತುಟಿ ಕಚ್ಚಿಕೊಂಡು, ನೆಲ ನೋಡುತ್ತಾ ಬಂದದ್ದು ಪೂರ್ತಿ. ಕಳಿಸಿದ ಮೇಲೆ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ನಾನು ಸರ್ಜನ್ನಿಗೆ ಬರೆದ ಇ-ಮೇಲಿಗೂ ಬರಲಿಲ್ಲ. ವಾಂತಿಯ ಕಾರಣವನ್ನು ನಾವೇ ತುಮಕೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿ ಹುಡುಕಿದೆವು. ಉಳಿಸಿದ್ದ ಜಠರದ ಕೊಳವೆ ಒಂದು ಕಡೆ ತಿರುಚಿ ಸಣ್ಣದಾಗಿತ್ತು, ಬಲೂನು ತೂರಿಸಿ ಹಿಗ್ಗಿಸಿದರು. ವಾಂತಿಯಾಗುತ್ತಿದ್ದ ಆ ಎರಡು ತಿಂಗಳಲ್ಲಿ ಯಾರಾದರೂ ಒಬ್ಬರು ಇಣುಕಿ ನೋಡಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ವಾಂತಿ ನಿಂತಿತು. ರಾಗಿ ಅಂಬಲಿ, ಮೊಳಕೆ ಹೆಸರುಕಾಳು, ಕಡಲೆಕಾಯಿ ಅರೆದದ್ದು ಹೊಟ್ಟೆಯಲ್ಲಿ ಉಳಿಯತೊಡಗಿತು. ಬಿ ಒನ್ ವರದಿ ಆಕೆ ಮನೆಗೆ ಹೋದ ಮೇಲೆ ಬಂತು. ತುಂಬಾ ಕಡಿಮೆ ಇದೆ ಎಂದು ದಪ್ಪಕ್ಷರದಲ್ಲಿತ್ತು. ನನಗೆ ಗೊತ್ತಿದ್ದದ್ದೇ. ಫೈಲಿಗೆ ಸೇರಿಸಿದೆ.

ಕೆಲವು ತಿಂಗಳ ಮೇಲೆ ಆಕೆ ಪರೀಕ್ಷೆಗೆ ಬಂದಳು. ಯಾರೂ ಹಿಡಿದುಕೊಂಡಿರಲಿಲ್ಲ. ಕಾಲು ಅಗಲಿಸಿ, ಗೋಡೆಯ ಪಕ್ಕಕ್ಕೆ ನಡೆಯುತ್ತಿದ್ದಳು, ಆದರೆ ನಡೆಯುತ್ತಿದ್ದಳು. ನನಗೆ ನಿಜವಾಗಿಯೂ ಸಂತೋಷವಾಯಿತು. ಹೊಸ ಅಳತೆಯ ಬುರ್ಖಾ ಹೊಲಿಸಿಕೊಂಡಿದ್ದಳು. ಕುರ್ಚಿಯಲ್ಲಿ ಕೂತು ಕೈ ಮೇಜಿನ ಮೇಲಿಟ್ಟಾಗ ಹಿಂಗೈ ಮೇಲೆ ಬಿಳಿ ಪ್ಲಾಸ್ಟರು ಕಂಡಿತು, ಪಕ್ಕದಲ್ಲಿ ನೀಲಿಗಟ್ಟಿದ ಗುರುತು.

“ಇದೇನಿದು?”

ಗಂಡ ನೆಲ ನೋಡಿದ. “ನಿನ್ನೆ ಸುಸ್ತು ಅಂದ್ಲು ಮೇಡಂ. ಸುಮ್ನೆ ಒಂದೇ ಬಾಟ್ಲಿ.”

ನಾನು ಎದ್ದೇ ನಿಂತೆ. “ನಿಮಗೆ ಏನ್ ಹೇಳಿದ್ದೆ ನಾನು? ಏನ್ ಹೇಳಿದ್ದೆ?”

“ಇಲ್ಲ ಮೇಡಂ, ನೀವು ಹೇಳ್ದಂಗೇ. ಮೊದ್ಲು ಆ… ಆ ಇಂಜೆಕ್ಷನ್ ಹಾಕ್ಸಿ, ಆಮೇಲೇ ಬಾಟ್ಲಿ ಹಾಕ್ಸಿದ್ದು.” ಹೆಸರು ಈಗಲೂ ಬಾಯಿಗೆ ಬರಲಿಲ್ಲ ಆತನಿಗೆ.

ಕೂತುಕೊಂಡೆ. ಇದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ ಇವತ್ತಿಗೂ ಗೊತ್ತಿಲ್ಲ. ಮಾತು ಬೇಡವೆಂದು ಹೊಸ ಗುಂಡುಪಿನ್ನು ತೆಗೆದುಕೊಂಡೆ, ಆಕೆ ಕಣ್ಣು ಮುಚ್ಚಿದಳು. ಪಾದದಲ್ಲಿ ಏನೂ ಗೊತ್ತಾಗುತ್ತಿಲ್ಲ ಎಂದು ತಾನೇ ಹೇಳಿದಳು. ಮೀನಖಂಡದ ನಡುವಿನಿಂದ ಸರಿಯಾಗಿ ಹೇಳತೊಡಗಿದಳು. ಮೊದಲಿಗಿಂತ ಎಷ್ಟೋ ಮೇಲು.

“ಕೈ ಪೂರ್ತಿ ಸರಿಯೋಗೈತೆ ಮೇಡಂ,” ಎಂದಳು, ಕಣ್ಣು ಮುಚ್ಚಿಕೊಂಡೇ. “ಮದುವೆ ಸೀಸನ್ ಬಂತು. ಏಳು ರವಿಕೆ ಒಪ್ಕೊಂಡಿದೀನಿ. ಚೌಕಟ್ಟು ಕಟ್ಟಾಗೈತೆ. ನೀವು ಹೂಂ ಅಂದ್ರೆ ಇವ್ರು ಕೂರಾಕೆ ಬಿಡ್ತಾರೆ.”

ಎಡಗೈ ನನ್ನ ಕೈಯಲ್ಲಿತ್ತು. ತೋರುಬೆರಳ ತುದಿಗೆ ಪಿನ್ನು ತಂದೆ. ಇನ್ನೂ ತಾಗಿಸಿರಲಿಲ್ಲ.

“ಚೂಪು,” ಎಂದಳು.

ಪಿನ್ನನ್ನು ಗಾಳಿಯಲ್ಲೇ ಹಿಡಿದುಕೊಂಡು ಕೂತೆ. ಗಂಡ ಪಿನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಮೊಂಡು,” ಎಂದಳು ಆಕೆ. ಸ್ವಲ್ಪ ತಡೆದು ಮತ್ತೆ, “ಚೂಪು.”

ಆಮೇಲೆ ಮೊನೆ ಒತ್ತಿ ನಿಜವಾಗಿ ಚುಚ್ಚಿದೆ. ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಬಂತು. ಆಕೆ ಕಣ್ಣು ಮುಚ್ಚಿಕೊಂಡು, ಮುಖದಲ್ಲಿ ಸಣ್ಣ ನಗು ಇಟ್ಟುಕೊಂಡು, ನಾನು ಯಾವಾಗ ಚುಚ್ಚುತ್ತೇನೋ ಎಂದು ಕಾಯುತ್ತಲೇ ಇದ್ದಳು.